ಓಡಿ ಬಂದವನ ವಹಿ

ರಾಮೇಶ್ವರದಿಂದ ದಿಲ್ಲಿಗೆ ಓಡುತ್ತ ಹೊರಟಿದ್ದ ಭರಮಣ್ಣ ಬಾಲಗಾಂವ ಮುಟ್ಟಿದ್ದು ೧೯೫೩ರ ಫೆಬ್ರುವರಿಯಲ್ಲಿ, ಹೊರಟ ಮೂವತ್ತೆರಡನೆಯ ದಿನ ಮಧ್ಯಾಹ್ನ. ಊರ ಅಗಸಿ ಬಾಗಿಲಲ್ಲಿ ನಿಂತು ನೀರು ಕೇಳಿದವನನ್ನು ಶ್ರೀಶೈಲಪ್ಪ ಮನೆಗೇ ಕರೆತಂದ.

ಶ್ರೀಶೈಲಪ್ಪ ಜತ್ತ ಸಂಸ್ಥಾನದ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಕಾರಕೂನನಾಗಿದ್ದವ. ಐದು ವರ್ಷದ ಹಿಂದೆ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ನೌಕರಿ ಹೋಯಿತು, ಮರಾಠಿ ಉಳಿಯಿತು. ಸುತ್ತಲಿನ ಕನ್ನಡ ಹಳ್ಳಿಗಳಲ್ಲಿ ಯಾರು ಸರಕಾರಕ್ಕೆ ಅರ್ಜಿ ಬರೆಸಬೇಕಾದರೂ ಅವನ ಕಟ್ಟೆಗೇ ಬರುತ್ತಿದ್ದರು. ಬೇರೆ ಊರಲ್ಲಿ ಬರೆಸಿ ತಂದ ಅರ್ಜಿ ಕಂಡರೆ ಅದರಲ್ಲಿ ತಪ್ಪು ಹುಡುಕಿ, ನಾಲ್ಕು ಜನರಿಗೆ ಓದಿ ಹೇಳಿ ನಗುತ್ತಿದ್ದ.

ಹೆಂಡತಿ ಮಲಕವ್ವ ರೊಟ್ಟಿ, ಝುಣಕ ಬಡಿಸಿದಳು. ಭರಮಣ್ಣನ ಹಿಮ್ಮಡಿ ಒಡೆದು ರಕ್ತ ಒಸರಿತ್ತು. ಔಡಲೆಣ್ಣೆಯ ಬಟ್ಟಲು ಮುಂದಿಟ್ಟು ಕೇಳಿದಳು:

"ಹಿಂಗ ಓಡಾಕ ನಿನ್ನ ಯಾರರ ಬೆನ್ನ ಹತ್ತ್ಯಾರೇನೋ ತಮ್ಮಾ?"

"ನಾಯಿ ಬಿಟ್ಟರ ಯಾರೂ ಬೆನ್ನ ಹತ್ತಿಲ್ಲವ್ವಾ," ಎಂದು ಭರಮಣ್ಣ ನಕ್ಕ. ಹಾವೇರಿ ಕಡೆಯವ, ಮೂವತ್ತು ದಾಟಿರಲಿಲ್ಲ. "ದೇಶ ಒಂದಾತು ಅಂತಾರ. ಎಷ್ಟ ಉದ್ದ ಐತಿ, ಕಾಲಲೇ ಅಳದ ನೋಡೂಣಂತ ಹೊಂಟೀನಿ. ಬಂಡಿ ಹತ್ತಿಲ್ಲ, ಮೋಟಾರ ಹತ್ತಿಲ್ಲ. ಒಮ್ಮಿ ಹತ್ತಿದ್ನೆಂದ್ರ ಇಷ್ಟ ದಿನಾ ಓಡಿದ್ದೆಲ್ಲಾ ನೀರಾಗ ಹೋದಂಗ."

ಸಾಕ್ಷಿಗೆ ಅವನ ಹತ್ತಿರ ಒಂದು ವಹಿ ಇತ್ತು. ಉಂಡು ಮಲಗಿದ ಮನೆಯವರೆಲ್ಲ ಅದರಲ್ಲಿ ತಮ್ಮ ತಮ್ಮ ಭಾಷೆಯಲ್ಲಿ ಎರಡು ಸಾಲು ಬರೆದಿದ್ದರು. ಬಾಲಗಾಂವದಿಂದ ಮುಂದೆ ಮರಾಠಿ ಸೀಮೆ. ಭರಮಣ್ಣನಿಗೆ ಮರಾಠಿ ಬಾರದು. ಅವನಿಗೆ ಮುಂದೆ ಅನುಕೂಲವಾಗಲಿ ಎಂದು ಶ್ರೀಶೈಲಪ್ಪ ಹೊಸ ನಿಬ್ಬು ಹಾಕಿ, ಒಂದು ಇಡೀ ಪುಟ ಮರಾಠಿಯಲ್ಲಿ ಬರೆದುಕೊಟ್ಟ. ಮರುದಿನ ಬೆಳಗಿನಲ್ಲಿ ಭರಮಣ್ಣ ಗಂಡ ಹೆಂಡತಿಯರ ಕಾಲುಮುಟ್ಟಿ ಜತ್ತದ ದಾರಿ ಹಿಡಿದ.

ನಾಲ್ಕನೆಯ ದಿನ ಪೊಲೀಸನೊಬ್ಬ ಸೈಕಲ್ ಮೇಲೆ ಬಂದ. ನಿಮ್ಮ ಮನೆಯಲ್ಲಿ ಉಳಿದಿದ್ದವನನ್ನು ಹಿಡಿದಿಟ್ಟಿದ್ದಾರೆ, ಫೌಜದಾರರು ಜತ್ತಕ್ಕೆ ಕರೆದಿದ್ದಾರೆ ಎಂದ. ಬಾವಿಯ ತಂಟೆಯ ಅರ್ಜಿ ಕೊಡಲು ಊರಿನ ಬಳೆಗಾರ ಸುಭಾನನೂ ಅಲ್ಲಿಗೇ ಹೊರಟಿದ್ದ. ಅವನ ಕಾಗದಗಳನ್ನು ಶ್ರೀಶೈಲಪ್ಪನೇ ಬರೆದು ಚೀಲದಲ್ಲಿಟ್ಟುಕೊಂಡಿದ್ದ. ಇಬ್ಬರೂ ಮೋಟಾರಿನಲ್ಲಿ ಹೋದರು.

ಚೌಕಿಯ ಪಡಸಾಲೆಯಲ್ಲಿ ಭರಮಣ್ಣ ಕಂಬಕ್ಕೆ ಒರಗಿ ಕೂತಿದ್ದ. ಶ್ರೀಶೈಲಪ್ಪನನ್ನು ಕಂಡು ಎದ್ದು ನಿಂತ.

"ಬಂದ್ರ್ಯಾ ಕಾಕಾ! ಇನ್ನ ಚಿಂತಿಲ್ಲ. ಮೂರ ದಿನಾ ಆತ್ರಿ, ಕುಂಡ್ರಿಸ್ಯಾರ. ಯಾಕಂತ ತಿಳಿವಲ್ದು. ನಿಮ್ಮ ಪುಟಾ ಓದಿದ ಮನ್ಯಾವರೆಲ್ಲಾ ಬಾಗಿಲಾ ಹಾಕ್ಕೊಂಡ್ರು. ಇಲ್ಲಿ ಒಬ್ಬ ಅಡತಿ ಅಂಗಡಿಯವ ಓದಿದಕೂಡ್ಲೆ ಪೊಲೀಸರ್ನ ಕರದ."

ಫೌಜದಾರ ಬಾಳಾಸಾಹೇಬ ಮರ್ಯಾದೆಯಿಂದಲೇ ಕುರ್ಚಿ ಕೊಟ್ಟ. ವಹಿ ತೆರೆದು ಮುಂದಿಟ್ಟು ಮರಾಠಿಯಲ್ಲಿ ಕೇಳಿದ: "ಅಕ್ಷರ ತಮ್ಮದೇ ಅಲ್ಲವೆ? 'ರಾಮೇಶ್ವರಾಹೂನ ಪಳೂನ ಆಲಾ ಆಹೇ, ಸರ್ವಾಂನೀ ಆಸರಾ ದ್ಯಾವಾ' ಎಂದು ಬರೆದಿದ್ದೀರಿ. ಏನು ಮಾಡಿ ಪಳೂನ ಬಂದಿದ್ದಾನೆ ಈತ?"

ಆಗ ಶ್ರೀಶೈಲಪ್ಪನ ಕಣ್ಣಿಗೆ ಅದು ಬಿತ್ತು. ಭರಮಣ್ಣ ಕನ್ನಡದಲ್ಲಿ "ಓಡಿ ಬಂದೀನಿ" ಎಂದಿದ್ದ. ಇವನು ಓಡಿ ಎಂಬುದಕ್ಕೆ ಪಳೂನ, ಬಂದ ಎಂಬುದಕ್ಕೆ ಆಲಾ ಎಂದು ಜೋಡಿಸಿದ್ದ. ಓಡುತ್ತ ಬಂದವನಿಗೆ ಮರಾಠಿಯವರು 'ಪಳತ ಆಲಾ' ಎನ್ನುತ್ತಾರೆ. 'ಪಳೂನ ಆಲಾ' ಎಂದರೆ ತಲೆತಪ್ಪಿಸಿಕೊಂಡು ಬಂದವನು. ಅಂಥವನಿಗೆ ಎಲ್ಲರೂ ಆಸರೆ ಕೊಡಿರಿ ಎಂದು ಕೆಳಗೆ ಸಹಿಯನ್ನೂ ಹಾಕಿದ್ದ.

"ಬರೆಯುವಾಗ ಕೈತಪ್ಪಿದ್ದರೆ ಹೇಳಿ," ಎಂದ ಬಾಳಾಸಾಹೇಬ. "ಇಲ್ಲೇ ತಿದ್ದಿ ಸಹಿ ಮಾಡಿ, ಈಗಲೇ ಬಿಡುತ್ತೇನೆ."

ಶ್ರೀಶೈಲಪ್ಪನ ಹಳೆಯ ಕಚೇರಿಯ ಇಬ್ಬರು ಗುಮಾಸ್ತರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹಿಂದೆ ಸುಭಾನನಿದ್ದ. ಶ್ರೀಶೈಲಪ್ಪ ಚಾಳೀಸು ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ.

"ನನ್ನ ಬರಹದಲ್ಲಿ ಕೈತಪ್ಪು ಇರುವುದಿಲ್ಲ," ಎಂದ ಮರಾಠಿಯಲ್ಲೇ. "ಆತ ಏನು ಹೇಳಿದನೋ ಅದನ್ನೇ ಬರೆದಿದ್ದೇನೆ."

ಬಾಳಾಸಾಹೇಬ ಅದನ್ನು ಜಬಾನಿ ಹೇಳಿಕೆಯಾಗಿ ಬರೆದುಕೊಂಡ. ಹಾಗಾದರೆ ಈತನನ್ನು ಹಾವೇರಿಗೆ ಕಳಿಸುವುದೇ, ಮೀರಜದ ತನಕ ಮೋಟಾರು, ಮುಂದೆ ರೈಲು. ಹಾವೇರಿಯ ಪೊಲೀಸರು ಗುರುತು ಹಿಡಿದು ವಿಚಾರಿಸಲಿ ಎಂದ.

"ಕಾಕಾ, ಏನಂದ್ರಿ? ಚಲೋ ಹೇಳಿದ್ರಿಲ್ಲೋ?" ಎಂದ ಭರಮಣ್ಣ.

"ಇದ್ದದ್ದು ಹೇಳೀನಿ," ಎಂದ ಶ್ರೀಶೈಲಪ್ಪ, ಅವನ ಕಡೆ ನೋಡದೆ.

ಮೋಟಾರು ಬಂದು ನಿಂತಾಗಲೇ ಭರಮಣ್ಣನಿಗೆ ತಿಳಿದದ್ದು. ಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡ.

"ಹಗ್ಗಾ ಹಚ್ಚಿ ಒಯ್ಯಿರಿ, ಸಾಹೇಬ್ರ! ನೀವು ಸೈಕಲ್ ಮ್ಯಾಲ ಬರ್ರಿ, ನಾ ಹಿಂದ ಓಡ್ತೀನಿ. ಎಲ್ಲಿಗಂತೀರಿ ಅಲ್ಲಿಗಿ ಓಡ್ತೀನಿ. ಮೋಟಾರ ಒಲ್ಲೆ, ನಿಮ್ಮ ಕಾಲ ಬೀಳ್ತೀನಿ!"

ಕನ್ನಡ ಅರ್ಥವಾಗದ ಪೊಲೀಸರು ನಕ್ಕರು. ಇಬ್ಬರು ಬೆರಳು ಬಿಡಿಸಿದರು, ಮೂರನೆಯವ ಕಾಲು ಹಿಡಿದ. ಎತ್ತಿ ಮೋಟಾರಿನೊಳಗೆ ಕೂಡಿಸಿದರು.

ಸಂಜೆಯ ಮೋಟಾರಿನಲ್ಲಿ ಇಬ್ಬರೂ ಊರಿಗೆ ಹೊರಟರು; ಸುಭಾನನ ಅರ್ಜಿ ಕೊಡುವುದು ಹಾಗೇ ಉಳಿದಿತ್ತು. ದಾರಿಯ ಸಂಖ ಊರು ದಾಟಿದ ಮೇಲೆ ಸುಭಾನ ಹೇಳಿದ:

"ಕಾರಕೂನ ಸಾಹೇಬ್ರ, ಪಳತ ಅಂತ ತಿದ್ದಿದ್ರ ಮುಗೀತಿತ್ತಲ್ರಿ. ಬಳಿ ಮಾರಾಂವ ನಾನು, ನನಗಽ ತಿಳೀತು."

"ನೀ ಸುಮ್ಮ ಕುಂಡ್ರು. ವ್ಯಾಕರಣ ನಿನಗೇನ ಗೊತ್ತು?"

"ಇಲ್ಲ ಬಿಡ್ರಿ," ಎಂದ ಸುಭಾನ. ಕೈ ಚಾಚಿದ. "ನನ್ನ ಬಾವಿ ಕಾಗದಾ ಕೊಡ್ರಿ. ಬ್ಯಾರೆ ಕಡೆ ಬರಸ್ತೀನಿ."

ಮೋಟಾರು ಕುಲುಕುತ್ತಿತ್ತು. ಶ್ರೀಶೈಲಪ್ಪ ಚೀಲದ ಹುರಿ ಬಿಚ್ಚಿ ಕಾಗದಗಳನ್ನು ತೆಗೆದುಕೊಟ್ಟ. ಸುಭಾನ ಕಾಗದಗಳನ್ನು ಮಡಿಚಿ ಅಂಗಿಯ ಒಳಗಿಟ್ಟುಕೊಂಡು, ಎದ್ದು ಹೋಗಿ ಮುಂದಿನ ಬಾಕಿನ ಮೇಲೆ ಕೂತ.

ಮನೆಯಲ್ಲಿ ಮಲಕವ್ವ ಬಾಗಿಲಲ್ಲೇ ಕಾಯುತ್ತಿದ್ದಳು.

"ಬಿಟ್ರೇನ್ರಿ ಆ ತಮ್ಮನ್ನ?"

"ಕಳಿಸಿಕೊಟ್ರು," ಎಂದ ಶ್ರೀಶೈಲಪ್ಪ.

"ಪಾಪ, ಸುಖಾಗಿ ಮುಟ್ಟಲಿ," ಎಂದು ಅವಳು ಕಾಲಿಗೆ ನೀರು ತಂದಿಟ್ಟಳು.