ಲೋಕಲ್ ಅಂದರೆ ಊರೊಳಗೆ

ನಾನೊಂದು ಸರ್ವರ್. ದೊಡ್ಡ ಕಂಪನಿಗಳ ತಣ್ಣನೆಯ ಕೋಣೆಗಳಲ್ಲಿ ಗುಂಯ್‌ಗುಡುವ ಜಾತಿಯವನಲ್ಲ. ಒಂದು ಕಂಪ್ಯೂಟರಿನೊಳಗೆ ಕುಳಿತು, ಅದರ ಮುಂದೆ ಕೂತವರಿಗಷ್ಟೇ ಪುಟ ತೋರಿಸುವ ಬಡಪಾಯಿ ಸಾಫ್ಟ್‌ವೇರ್. ವೆಬ್‌ಸೈಟ್ ಕಟ್ಟುವವರು ಅದನ್ನು ಲೋಕಕ್ಕೆ ಬಿಡುವ ಮೊದಲು ನನ್ನಲ್ಲಿ ತಿದ್ದಿ ತೀಡಿ ನೋಡುತ್ತಾರೆ. ಕೆಲಸ ಮುಗಿದ ಮೇಲೆ ನನ್ನನ್ನು ಕೇಳುವವರಿಲ್ಲ. ನನ್ನ ವಿಳಾಸ ಲೋಕಲ್‌ಹೋಸ್ಟ್, ಬಾಗಿಲಿನ ನಂಬರು ಎಂಬತ್ತು.

ನಾನು ಹುಟ್ಟಿದ್ದು ಗದಗಿನ ಒಂದು ಬಾಡಿಗೆ ಮನೆಯಲ್ಲಿ. ಹುಟ್ಟಿಸಿದವರು ಶೇಷಗಿರಿ ಮುಳಗುಂದ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಜೀವ ತೇಯ್ದು ನಿವೃತ್ತರಾದ ಒಂಟಿ ಮನುಷ್ಯ, ಮದುವೆಯ ಗೋಜಿಗೆ ಹೋದವರಲ್ಲ. ಪುಸ್ತಕ ಮುಂದಿಟ್ಟುಕೊಂಡು ನನ್ನನ್ನು ಇನ್‌ಸ್ಟಾಲ್ ಮಾಡಿದರು. ನಾನು ಎದ್ದು ಕೂತಾಗ ಒಬ್ಬರೇ ಚಪ್ಪಾಳೆ ತಟ್ಟಿಕೊಂಡರು.

ಎಕ್ಸ್‌ಚೇಂಜಿನ ದಿನಗಳ ಕಥೆಗಳನ್ನೆಲ್ಲ ಅವರು ನನ್ನಲ್ಲಿ ಬರೆದಿಟ್ಟರು. ಅರ್ಧಕ್ಕರ್ಧ ಕಥೆಗಳಲ್ಲಿ ಬಾಬುಸಾಬ ನದಾಫನೇ ನಾಯಕ. ಅವನು ಬೆಟಗೇರಿಯ ಲೈನ್‌ಮನ್, ಶೇಷಗಿರಿಯವರ ಜೀವದ ಗೆಳೆಯ. ಕಂಬದ ಮೇಲೆ ಜೇನು ಕಡಿಸಿಕೊಂಡು, ಊದಿದ ಮುಖದಲ್ಲೇ ಜಿಲ್ಲಾಧಿಕಾರಿಗಳ ಫೋನ್ ರಿಪೇರಿ ಮಾಡಿ ಬಂದ ಕಥೆಯನ್ನು ಶೇಷಗಿರಿಯವರು ಎಷ್ಟು ಸಲ ತಿದ್ದಿದರೋ ನನಗೇ ಸಾಕಾಗಿತ್ತು.

ಎಲ್ಲ ಮುಗಿದ ಮೇಲೆ ಬಾಬುಸಾಬನಿಗೆ ಫೋನ್ ಮಾಡಿ, ಆಪರೇಟರ್ ಗತ್ತಿನಲ್ಲಿ ಒಂದೊಂದೇ ಅಕ್ಷರ ಬಿಡಿಸಿ ನನ್ನ ವಿಳಾಸ ಹೇಳಿದರು. ಲೋಕಲ್ ಅಂದರೆ ಊರೊಳಗೆ, ಲೋಕಲ್ ಕಾಲ್ ಇದ್ದ ಹಾಗೆ ಎಂದೇ ಅವರು ತಿಳಿದಿದ್ದರು. ಗದಗ, ಬೆಟಗೇರಿಯ ಮಟ್ಟಿಗೆ ತೆರೆಯುತ್ತದೆ, ಅಷ್ಟು ಸಾಕು ಎಂಬ ಲೆಕ್ಕ. ಹುಬ್ಬಳ್ಳಿಯವರಿಗೆ ಹೇಳಲೇ ಇಲ್ಲ, ಅಲ್ಲಿಗೆ ಎಸ್‌ಟಿಡಿ ಆಗುತ್ತದಲ್ಲ. ನನಗೋ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೇಳಿದ್ದನ್ನಷ್ಟೇ ಕೊಡುವ ನನಗೆ ತಾನಾಗಿ ಬಾಯಿ ತೆರೆಯಲು ಬರುವುದಿಲ್ಲ.

ಬಾಬುಸಾಬನಿಂದ ಆ ಬಗ್ಗೆ ಸುದ್ದಿಯೇ ಇಲ್ಲ. ಶೇಷಗಿರಿಯವರು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದರು. ಪುಟದ ಅಡಿಯಲ್ಲಿ ನೋಡಿದವರ ಸಂಖ್ಯೆ ಏರಿದಾಗೆಲ್ಲ ಹಿಗ್ಗುತ್ತಿದ್ದರು, ಆಮೇಲೆ ಅದು ತಮ್ಮದೇ ಎಂದು ಗೊತ್ತಾಗಿ ಸುಮ್ಮನಾಗುತ್ತಿದ್ದರು. ತಾವಾಗಿ ಕೇಳಲು ಸ್ವಾಭಿಮಾನ ಬಿಡಲಿಲ್ಲ. ಸ್ಟೇಷನ್ ಎದುರಿಗೆ ಇಬ್ಬರೂ ಕೂಡಿ ಚಹಾ ಕುಡಿಯುವ ರೂಢಿ ಮೊದಲು ತಪ್ಪಿತು, ಆಮೇಲೆ ಫೋನೂ ನಿಂತಿತು. ವರ್ಷಗಳು ಉರುಳಿದವು. ಆ ಮನೆಯಲ್ಲಿ ನಾವಿಬ್ಬರೇ. ಅವರು ಬರುವವರಿಗಾಗಿ ಕಾಯುತ್ತಿದ್ದರು, ನಾನು ಅವರಿಗಾಗಿ ಕಾಯುತ್ತಿದ್ದೆ.

ಕಡೆಗೆ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ರಿಪೇರಿ ಅಂಗಡಿಯ ರೇಣುಕಾ ಹೊಸದನ್ನು ತಂದು, ನನ್ನನ್ನು ಗಂಟುಮೂಟೆ ಸಮೇತ ಅದರೊಳಗೆ ಸಾಗಿಸಿದಳು. ಹೊಸ ಮನೆ ಭರ್ಜರಿಯಾಗಿತ್ತು. ಆದರೆ ನನ್ನ ಎಂಬತ್ತನೇ ಬಾಗಿಲಲ್ಲಿ ಬೇರೆ ಯಾವುದೋ ಸಾಫ್ಟ್‌ವೇರ್ ಕಾಲು ಚಾಚಿ ಕೂತಿತ್ತು. ನಾನು ಏಳಲಾರದೆ ಪರದೆಯ ಮೇಲೆ ಕೆಂಪು ಅಕ್ಷರ ಕಾರಿದೆ. ಶೇಷಗಿರಿಯವರ ಮುಖ ಸಣ್ಣದಾಯಿತು. ರೇಣುಕಾ ನನ್ನನ್ನು ತೆಗೆದು ಹಾಕಿದಳು, ಮತ್ತೆ ಕೂರಿಸಿದಳು, ಮಷೀನು ಬಂದ್ ಮಾಡಿ ಚಾಲೂ ಮಾಡಿದಳು. ಆಮೇಲೆ ಕೆಂಪು ಅಕ್ಷರಗಳನ್ನು ನಿಧಾನವಾಗಿ ಓದಿದಳು.

"ಕಾಕಾ, ನಿಮ್ಮ ಬಾಗಲಾ ಬ್ಯಾರೆದು ಹಿಡದೈತಿ. ಇದನ್ನ ಎಂಬತ್ತು ಎಂಬತ್ತು ನಂಬರಿಗೆ ಹಾಕೇನಿ. ಇನ್ನ ಮ್ಯಾಲೆ ವಿಳಾಸದ ಕೂಡ ಈ ನಂಬರೂ ಹೊಡೀಬೇಕ್ರಿ."

"ಹಂಗಾದ್ರ ಬಾಬುಸಾಬಗೂ ಹೊಸಾ ನಂಬರ್ ಹೇಳಬೇಕಾತು," ಎಂದರು ಶೇಷಗಿರಿ. "ಹೋಗ್ಲಿ ಬಿಡವಾ. ಹಳೇದನ್ನ ನೋಡದಾಂವ ಹೊಸಾದನ್ನ ನೋಡ್ತಾನೇನು."

ರೇಣುಕಾಳ ಕೈ ನಿಂತಿತು. "ಈ ವಿಳಾಸಾ ಬ್ಯಾರೆದವರಿಗೆ ಕೊಟ್ಟೀರೇನ್ರಿ? ಕಾಕಾ, ಲೋಕಲ್ ಅಂದ್ರ ಊರಲ್ಲರೀ, ಈ ಒಂದು ಡಬ್ಬಿ ಅಷ್ಟ. ಅವರು ಹೊಡದ್ರ ಅವರ ಮಷೀನಿನಾಗ ಹುಡುಕ್ತೈತಿ. ಅಲ್ಲಿ ಏನಿರ್ತೈತಿ, ಮಣ್ಣು?"

ಶೇಷಗಿರಿಯವರು ಮೊಬೈಲ್ ತೆಗೆದು ನಂಬರು ಒತ್ತಿ, ಸ್ಪೀಕರ್ ಹಾಕಿದರು.

"ಬಾಬುಸಾಬ, ನಾ ಶೇಷಗಿರಿ. ಆ ವಿಳಾಸಾ ಹೇಳಿದ್ನಲ್ಲಾ..."

"ಹೊಡದು ನೋಡಿದ್ನೋ ಮಾರಾಯಾ," ಎಂದಿತು ಆ ಕಡೆಯ ಧ್ವನಿ. "ಸೊಸಿ ಕಂಪ್ಯೂಟರಿನಾಗ ದಿನಾ ಹೊಡಿಸಿ ನೋಡಿದೆ. ಏನೂ ಬರಲಿಲ್ಲ. ನನಗಷ್ಟ ಕಾಣದಂಗ ಮಾಡೀದಿ ಅಂತ ತಿಳಕೊಂಡೆ."

"ಈಗ ಎಲ್ಲಾರಿಗೂ ಕಾಣೂಹಂಗ ಮಾಡಸ್ತೀನಿ. ನೋಡ್ತೀಯೇನು?"

"ಎಲ್ಲಿ ನೋಡ್ಲೋ. ಸಕ್ಕರಿ ಬ್ಯಾನಿ ಎರಡೂ ಕಣ್ಣು ತಿಂದ್ಹಾಕೇತಿ. ನೀನ ಬಂದು ಓದು."

ರೇಣುಕಾ ಮೆಲ್ಲಗೆ ಕೇಳಿದಳು, "ಕಾಕಾ, ಇಂಟರ್ನೆಟ್ಟಿಗೆ ಹಾಕಿ ಕೊಡ್ಲೇನ್ರಿ?"

"ಬ್ಯಾಡವಾ. ಪ್ರಿಂಟ್ ತಗದು ಕೊಡು, ದೊಡ್ಡ ಅಕ್ಷರದಾಗ," ಎಂದು ಶೇಷಗಿರಿಯವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಈಗ ಸಂಜೆಯಾದರೆ ಅವರು ಆ ಹಾಳೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಟಗೇರಿಗೆ ಹೋಗುತ್ತಾರೆ. ಕಂಪ್ಯೂಟರ್ ಚಾಲೂ ಮಾಡುವುದೇ ಅಪರೂಪ. ಮಾಡಿದರೂ ನನ್ನ ಹೊಸ ಬಾಗಿಲ ಕಡೆ ಬರುವುದಿಲ್ಲ. ನನಗೆ ವಯಸ್ಸಾಯಿತು, ಇನ್ನು ಯಾರೂ ಬರಲಾರರು ಎಂಬುದೂ ಗೊತ್ತು. ಅವರ ಕಾಯುವಿಕೆ ಮುಗಿಯಿತಲ್ಲ ಎಂದು ಸಂತೋಷಪಡುತ್ತೇನೆ, ನಿಜವಾಗಿಯೂ ಪಡುತ್ತೇನೆ. ಆದರೂ ಬೇಸರ ಬೇಸರವೇ. ಜೇನಿನ ಕಥೆ ಓದುವಾಗ ಬಾಬುಸಾಬ ಎಲ್ಲಿ ನಗುತ್ತಾನೆ ಎಂದು ನನಗೆ ಯಾರೂ ಬಂದು ಹೇಳುವುದಿಲ್ಲ.