ಅಂಬಾಜಿದುರ್ಗದ ಏರಿನಲ್ಲಿ ಟರ್ಬೊ

ಎರಡನೆಯ ತಿರುವಿನಲ್ಲಿ ಎಂಜಿನ್ನಿನೊಳಗೆ ಯಾರೋ ಡಬ್ಬಿಗೆ ಹರಳು ಹಾಕಿ ಕುಲುಕಿದ ಹಾಗೆ ಸದ್ದಾಯಿತು. ಚನ್ನಕೇಶವ ಆಕ್ಸಿಲರೇಟರಿನಿಂದ ಕಾಲು ತೆಗೆಯುವಷ್ಟರಲ್ಲಿ ಢಮ್ ಎಂದಿತು. ನೀಲಿ ಹೊಗೆ. ಕಾರು ನಿಂತೇಹೋಯಿತು.

ಇದು ಆಗುವಂಥದ್ದೇ ಅಲ್ಲ. ಮಿಲಿಟರಿ ಹರಾಜಿನಲ್ಲಿ ಸಿಕ್ಕ ಟರ್ಬೊವನ್ನು ಅವನು ಅಣ್ಣ ಆವಲಪ್ಪನ ಹಳೆಯ ಕಾರಿಗೆ ಕೂರಿಸಿದ್ದ. ಸೈಲೆನ್ಸರಿಗೆ ಹೋಗುವ ಹೊಗೆ ಅದರ ಚಕ್ರ ತಿರುಗಿಸುತ್ತದೆ, ಚಕ್ರ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಹೀಗೆ ಮೊದಲೇ ಒತ್ತಿ ಬಂದ ಗಾಳಿಯನ್ನು ಪಿಸ್ಟನ್ನು ಮತ್ತೆ ಹಿಂದಿನಷ್ಟೇ ಹಿಂಡಿದರೆ ಅದು ವಿಪರೀತ ಕಾದು, ಪೆಟ್ರೋಲು ಕಿಡಿಗೆ ಕಾಯದೆ ತಾನೇ ಸಿಡಿಯುತ್ತದೆ. ಅದಕ್ಕೇ ಅವನು ಎಂಜಿನ್ನಿನ ಮುಚ್ಚಳದ, ಅಂದರೆ ಹೆಡ್ಡಿನ, ಅಡಿಗೆ ದಪ್ಪ ತಾಮ್ರದ ತಗಡು ಕೊಟ್ಟು, ಹಿಂಡುವುದು ತಗ್ಗಲೆಂದು ಒಳಗೆ ಜಾಗ ಬಿಟ್ಟಿದ್ದ.

ಕಾರಿನ ತುಂಬ ಜನ ಕೂತು ಟಾಪ್ ಗೇರಿನಲ್ಲೇ ಏರು ಹತ್ತಿದರೆ ಗ್ಯಾರೇಜು ಹಾಕಲು ಅಣ್ಣನ ಚಿಂತಾಮಣಿಯ ಷೆಡ್ಡು ಚನ್ನಕೇಶವನದು. ಇಲ್ಲದಿದ್ದರೆ ಗೌರಿಬಿದನೂರಿನಲ್ಲಿ ಗುಮಾಸ್ತೆ ಕೆಲಸ. ಪಂಥ ಕಟ್ಟಿದವನು, ಈಗ ಪಕ್ಕದ ಸೀಟಿನಲ್ಲೇ ಕೂತಿದ್ದ ಅಣ್ಣನೇ.

ಹಿಂದಿನ ಸೀಟಿನಿಂದ ಚಿಕ್ಕಪ್ಪ ವೆಂಕಟರವಣಪ್ಪ ಕೆಮ್ಮುತ್ತ ಇಳಿದ. "ಏನಪ್ಪಾ ಇಂಜಿನೀರು, ಬೆಟ್ಟಕ್ಕೆ ಧೂಪ ಹಾಕ್ದಾ?"

ಎಂಜಿನ್ನು ತಣ್ಣಗಾದ ಮೇಲೆ ಚನ್ನಕೇಶವ ಹೆಡ್ಡು ಬಿಚ್ಚಿದ. ಪಿಸ್ಟನ್ನಿನ ನಡುವೆ ಬೆರಳು ತೂರುವಷ್ಟು ತೂತು. ತಾಮ್ರದ ತಗಡು ಇರಲೇ ಇಲ್ಲ! ಹೆಡ್ಡಿನ ಅಡಿಮೈಯನ್ನು ಯಾರೋ ಹೊಸದಾಗಿ ಹೆರೆದು ತೆಳು ಮಾಡಿದ್ದರಿಂದ ಫಳಫಳ ಹೊಳೆಯುತ್ತಿತ್ತು.

ಅವನು ಅಣ್ಣನ ಕಡೆ ತಿರುಗಿದ. "ನಾನು ಮದ್ವೆಗೇಂತ ಶಿಡ್ಲಘಟ್ಟಕ್ಕೆ ಹೋಗಿದ್ದಾಗ ಕಾರು ನಿನ್ನ ಹತ್ರಾನೇ ಇತ್ತು. ಬೆಳಿಗ್ಗೆ ಬಂದೋನು ಬಾನೆಟ್ಟೂ ಎತ್ತಿ ನೋಡ್ದೆ ಹೊರಟ್ಬಿಟ್ಟೆ. ಅಣ್ಣಾ, ನನ್ನ ಸೋಲ್ಸಕ್ಕೆ ಹಿಂಗೆ ಮಾಡ್ದಾ?"

ಆವಲಪ್ಪ ಬಗ್ಗಿ ತೂತು ನೋಡಿದ. "ಸೋಲ್ಸಕ್ಕಾ? ಒರೇ, ಬೆಟ್ಟ ಹತ್ತೋ ಟ್ಯಾಕ್ಸಿಯೋರೆಲ್ಲ ಬಲ ಬರ್ಲಿ ಅಂತ ಹೆಡ್ಡು ತೆಳು ಮಾಡಿಸ್ತಾರಲ್ಲೋ! ನೀನು ನೋಡಿದ್ರೆ ದಪ್ಪ ತಗಡು ತುರುಕಿದ್ದೆ. ಅಂಚು ಆಚೆಗೇ ಕಾಣ್ತಿತ್ತು. ಜನದ ಮುಂದೆ ನಗೆಪಾಟ್ಲಾಗ್ತಾನೆ ಅಂತ ನಾನೇ ಅದನ್ನ ತೆಗೆಸಿ, ಲೇತಿಗೆ ಕೊಟ್ಟು ಸವರಿಸ್ದೆ ಕಣೋ. ನೀನು ಗೆಲ್ಲಲಿ ಅಂತ."



"ಪಂಥ ಕೆಡಿಸ್ದೋನು ನಾನು," ಎಂದ ಆವಲಪ್ಪ. "ಷೆಡ್ಡು ನಿಂದೇ."

ಈ ಮನುಷ್ಯ ತನ್ನ ಸೋಲಿಗೇ ಕಾದಿದ್ದಾನೆಂದು ಚನ್ನಕೇಶವ ವರ್ಷಗಟ್ಟಲೆ ನಂಬಿದ್ದ. ಆ ಸಿಟ್ಟಿನಲ್ಲೇ ಒಂದೊಂದು ಬೋಲ್ಟನ್ನೂ ಬಿಗಿದಿದ್ದ. ಈಗ ಸ್ಪ್ಯಾನರು ಕೆಳಗಿಟ್ಟು ರಸ್ತೆಬದಿಯ ಮೋರಿಕಟ್ಟೆಯ ಮೇಲೆ ಕೂತ.

ಅಣ್ಣ ಪಕ್ಕದಲ್ಲಿ ಕೂತು, ಇಷ್ಟು ವರ್ಷ ಒಮ್ಮೆಯೂ ಕೇಳದಿದ್ದದ್ದನ್ನು ಕೇಳಿದ: "ಹೆಂಗೋ ಕೆಲ್ಸ ಮಾಡ್ತದೆ ಈ ಟರ್ಬೊ? ನಂಗೂ ಒಸಿ ಹೇಳು."

ಚನ್ನಕೇಶವ ಕಡ್ಡಿಯೊಂದನ್ನು ಎತ್ತಿಕೊಂಡು ರಸ್ತೆಯ ಮಣ್ಣಿನಲ್ಲಿ ಒಂದು ಚಕ್ರ ಬರೆದ. "ಸೈಲೆನ್ಸರಿಗೆ ಹೋಗೋ ಹೊಗೆ ಇದನ್ನ ತಿರುಗಿಸ್ತದೆ, ನೋಡು," ಎಂದ.