ಪೆಟ್ಟಿಗೆಯಕ್ಕನ ಚಾಕು

ಚಾಕು ಇಲ್ಲದವರಿಗೆ ಆ ಗೋದಾಮಿನಲ್ಲಿ ಕೆಲಸವಿರಲಿಲ್ಲ. ಹಾಗಂತ ಗೋದಾಮಿನವರು ಚಾಕು ಕೊಡುತ್ತಲೂ ಇರಲಿಲ್ಲ. ಅವರವರ ಚಾಕು ಅವರವರೇ ತರಬೇಕು, ಸಂಜೆ ಅವರವರೇ ಒಯ್ಯಬೇಕು. ಒಳಗೆ ಬಿಟ್ಟುಹೋದರೆ ಮಾರನೆ ದಿನ ಅದು ಕಸದ ಪಾಲು. ಲಾರಿಯಲ್ಲಿ ಬಂದ ರಟ್ಟಿನ ಪೆಟ್ಟಿಗೆಗಳ ಟೇಪು ಸೀಳಿ, ಸಾಮಾನು ತೆಗೆದು, ಬೇರೆ ಪೆಟ್ಟಿಗೆಗೆ ತುಂಬಿ ಮುಂದೆ ತಳ್ಳುವುದು ಹೆಂಗಸರ ಕೆಲಸ. ಬೆಳಗಿನಿಂದ ಸಂಜೆಯವರೆಗೆ ನಿಂತೇ ಮಾಡಬೇಕು. ಕಾಲು ಊದಿಕೊಂಡರೆ ಚಪ್ಪಲಿ ಸಡಿಲಿಸಿಕೊಳ್ಳಬಹುದು, ಕೂರುವಂತಿಲ್ಲ.

ಆ ಹೆಂಗಸರಲ್ಲಿ ಒಬ್ಬಳ ಕೈ ಎಲ್ಲರಿಗಿಂತ ಚುರುಕು. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಪೆಟ್ಟಿಗೆಯಕ್ಕ.

ಈ ಊರಿನಲ್ಲಿ ಅವಳಿಗೆ ಇದ್ದದ್ದು ಒಂದು ಕೋಣೆ. ಅದೂ ಅರ್ಧ ದಿನಕ್ಕೆ. ರಾತ್ರಿ ಅವಳದು; ಹಗಲಾದರೆ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ಒಬ್ಬ ಆಯಾಳದು. ಇಬ್ಬರಿಗೂ ಒಂದೇ ಹಾಸಿಗೆ. ಬೆಳಿಗ್ಗೆ ಆಯಾ ಬರುವ ಹೊತ್ತಿಗೆ ಇವಳು ಹೊರಡುವಳು. ಬಾಗಿಲಲ್ಲೇ ಬೀಗದ ಕೈ ಕೈಬದಲಾಗುತ್ತಿತ್ತು.

"ನೀರು ಹಿಡಿದಿಟ್ಟಿದ್ದೀನಿ."

"ಹೂಂ."

ಇಬ್ಬರ ನಡುವೆ ಅಷ್ಟೇ ಮಾತು. ಸಂಜೆ ಬಂದು ಮಲಗಿದರೆ ದಿಂಬಿನಲ್ಲಿ ಫಿನಾಯಿಲ್ ವಾಸನೆ ಇರುತ್ತಿತ್ತು. ಕೆಲವು ಸಲ ಪೆಟ್ಟಿಗೆಯಕ್ಕ ಆ ವಾಸನೆಯ ಜೊತೆಯೇ ತನ್ನ ಕಷ್ಟಸುಖ ಹೇಳಿಕೊಳ್ಳುತ್ತಿದ್ದಳು.

ಆ ವಾರ ಮಾರುಕಟ್ಟೆಯಲ್ಲಿ ಯಾರೋ ಯಾರಿಗೋ ಚಾಕು ಹಾಕಿದ್ದರು. ಮರುದಿನದಿಂದಲೇ ರೈಲು ನಿಲ್ದಾಣದ ಬಾಗಿಲಲ್ಲಿ ಮೇಜು ಹಾಕಿಕೊಂಡು ಪೊಲೀಸರು ಕೂತರು. ಬೆಳಿಗ್ಗೆ ಸಾಲು ಆಮೆಯ ಹಾಗೆ ತೆವಳುತ್ತಿತ್ತು. ಪೆಟ್ಟಿಗೆಯಕ್ಕನ ಮುಂದೆ ಇಸ್ತ್ರಿ ಷರಟಿನವನೊಬ್ಬ ನಿಂತಿದ್ದ. ಅವನ ಕೀಗೊಂಚಲಿನಲ್ಲಿ ಮಡಚುವ ಚಾಕು ನೇತಾಡುತ್ತಿತ್ತು. ಪೇದೆ ಅದನ್ನು ಬಿಚ್ಚಿ ನೋಡಿದ.

"ಚೆನ್ನಾಗಿದೆಯಲ್ಲ ಸಾರ್, ಎಲ್ಲಿ ತಗೊಂಡ್ರಿ?" ಎನ್ನುತ್ತ ಮಡಚಿ ವಾಪಸ್ಸು ಕೊಟ್ಟ.

ಆಮೇಲೆ ಇವಳ ಬಟ್ಟೆ ಚೀಲಕ್ಕೆ ಕೈ ಹಾಕಿದ. ಊಟದ ಡಬ್ಬಿ, ಒಂದು ಟವೆಲ್ಲು, ಟವೆಲ್ಲಿನಲ್ಲಿ ಸುತ್ತಿದ ಚಾಕು.

"ಏನಮ್ಮ ಇದು?"

"ಚಾಕು ಸಾರ್."

"ಅದು ನನಗೂ ಕಾಣ್ತಿದೆ. ಯಾರಿಗೆ?"

"ಪೆಟ್ಟಿಗೆಗೆ ಸಾರ್."

ಸಾಲಿನಲ್ಲಿದ್ದವರು ಗೊಳ್ಳೆಂದರು. ಪೇದೆಯ ಮುಖ ಗಂಟಾಯಿತು.

"ಮುಂದೆ ಹೋದವರ ಹತ್ರಾನೂ ಇತ್ತಲ್ಲ ಸಾರ್?" ಎಂದಳು.

"ಅವರ ಉಸಾಬರಿ ನಿನಗ್ಯಾಕೆ? ಬಾ ಈ ಕಡೆ."

ಠಾಣೆಯ ಸಾಹೇಬ ಕೂಗಾಡುವ ಪೈಕಿಯಲ್ಲ. ಚಹಾ ಕುಡಿಯುತ್ತ ಚಾಕುವನ್ನು ತಿರುಗಿಸಿ ನೋಡಿದ.

"ಅಲಗು ನೋಡಿ ಸಾರ್, ಟೇಪಿನ ಅಂಟು ಹಂಗೇ ಇದೆ" ಎಂದಳು. "ಗೋದಾಮಲ್ಲಿ ಕೆಲಸ. ಚಾಕು ತರದಿದ್ರೆ ಕೆಲಸಕ್ಕೇ ಸೇರಿಸಲ್ಲ."

"ಗುರುತಿನ ಚೀಟಿ?"

"ಕೊಟ್ಟಿಲ್ಲ ಸಾರ್. ಕೇಳಿದಾಗೆಲ್ಲ ಬರುತ್ತೆ ಬರುತ್ತೆ ಅಂತಾರೆ. ಸೂಪರ್‌ವೈಸರ್ ಅಣ್ಣಂಗೆ ಫೋನ್ ಮಾಡಿ, ಅವರೇ ಹೇಳ್ತಾರೆ."

ಸಾಹೇಬ ಅವಳ ಎದುರಿಗೇ ಸ್ಪೀಕರ್ ಹಾಕಿ ಫೋನು ಮಾಡಿದ. ಫೋನಿನಲ್ಲಿ ಮೊದಲು ಕೇಳಿಸಿದ್ದು ಗೋದಾಮು. ಟೇಪು ಎಳೆಯುವ ಚರ್ರೆಂಬ ಸದ್ದು, ತಳ್ಳುಗಾಡಿಯ ಚಕ್ರದ ಕಿರುಗುಟ್ಟುವಿಕೆ, ತನ್ನ ಪಕ್ಕದಲ್ಲಿ ನಿಲ್ಲುವ ಮುದುಕಿಯ ಕೆಮ್ಮು. ಅವಳಿಗೆ ಜೀವ ಬಂದಂತಾಯಿತು.

"ಠಾಣೆಯಿಂದ ಮಾತಾಡ್ತಿರೋದು. ನಿಮ್ಮಲ್ಲಿ ಪೆಟ್ಟಿಗೆ ಬಿಚ್ಚೋಳಂತೆ. ಚಾಕು ಸಮೇತ ಸಿಕ್ಕಿದ್ದಾಳೆ. ನಿಮ್ಮವಳೇನಾ?"

ಟೇಪಿನ ಸದ್ದು ಮಾತ್ರ ಬರುತ್ತಿತ್ತು.

"ಇಲ್ಲ ಸಾರ್" ಎಂದ ಸೂಪರ್‌ವೈಸರ್. "ಅಂಥವರು ಯಾರೂ ನಮ್ಮಲ್ಲಿಲ್ಲ. ನಮ್ಮಲ್ಲಿ ಚಾಕು ಬಳಸೋದೇ ಇಲ್ಲ."

"ಅಣ್ಣಾ, ನಾನು! ಪೆಟ್ಟಿಗೆಯಕ್ಕ!"

"ಯಾರೋ ಗೊತ್ತಿಲ್ಲ ಸಾರ್."

ಫೋನು ಕಟ್ಟಾಯಿತು. ಒಂಟಿತನ ಅವಳಿಗೆ ಹೊಸದಲ್ಲ. ಒಬ್ಬಳೇ ಉಂಡು, ಒಬ್ಬಳೇ ಜ್ವರದಲ್ಲಿ ಮಲಗಿ ಎದ್ದವಳು. ಆದರೆ ಗೋದಾಮಿನಲ್ಲಿ ಟೇಪಿನ ಸದ್ದು ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ತಾನಿಲ್ಲದ ಜಾಗ ಆಗಲೇ ತುಂಬಿಹೋಗಿತ್ತು. ಅದು ಅವಳ ಎದೆಗೆ ನಾಟಿತು.

ಹೇಳಿಕೆ ಬರೆದುಕೊಳ್ಳುವವನು ಒಂದು ಕಾಗದ ಮುಂದೆ ತಳ್ಳಿದ. ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. 'ಜನರನ್ನು ಹೆದರಿಸುವ ಉದ್ದೇಶದಿಂದ ಚಾಕು ಇಟ್ಟುಕೊಂಡಿದ್ದೆ' ಎಂದಿತ್ತು.

"ಇದು ನಾನು ಹೇಳಿಲ್ಲ ಸಾರ್."

"ಸಹಿ ಹಾಕಮ್ಮ, ಬೇಗ ಮುಗಿಯುತ್ತೆ."

"ಸುಳ್ಳಿಗೆ ಹೆಂಗೆ ಸಹಿ ಹಾಕ್ಲಿ?"

"ಹಾಗಾದ್ರೆ ಕೂತ್ಕೋ."

ಅವಳು ಕೂತಳು. ಗೋಡೆಗೆ ಒರಗಿದರೆ ಪೇದೆ ಗದರುತ್ತಿದ್ದ. ಮಧ್ಯಾಹ್ನ ಸಾಹೇಬ ಕೇಳಿದ, "ನಿನ್ನೋರು ಅಂತ ಯಾರಾದ್ರೂ ಇದ್ದಾರಾ? ಇದ್ರೆ ಕರೆಸು."

ಫೋನಿನಲ್ಲಿ ತಮ್ಮನ ನಂಬರಿತ್ತು. ಪೊಲೀಸು ಎಂದರೆ ತಮ್ಮನ ಹೆಂಡತಿ ಇನ್ನು ಜನ್ಮದಲ್ಲಿ ಬಾಗಿಲು ತೆಗೆಯಳು. ಅದನ್ನು ದಾಟಿ ಮುಂದೆ ಹೋದಳು. 'ರೂಮು' ಎಂದು ಬರೆದುಕೊಂಡಿದ್ದ ನಂಬರಿಗೆ ಬಂದಾಗ ಕಣ್ಣು ಮುಚ್ಚಿ ಒತ್ತಿದಳು.

ಆಯಾ ನಿದ್ದೆಗಣ್ಣಿನಲ್ಲೇ ಎದ್ದು ಬಂದಳು. ಕೂದಲು ಬಾಚಿರಲಿಲ್ಲ.

"ನೀನು ಇವಳಿಗೆ ಏನಾಗ್ಬೇಕು?" ಎಂದ ಸಾಹೇಬ.

"ಅಕ್ಕ" ಎಂದಳು ಹಿಂದೆಮುಂದೆ ನೋಡದೆ.

"ತಂಗಿ ಹೆಸರು?"

ಆಯಾ ಬಾಯಿ ತೆರೆದಳು. ಇವಳ ಮುಖ ನೋಡಿದಳು. ಇಬ್ಬರಿಗೂ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಪೇದೆ ಕಿಸಕ್ಕೆಂದ.

"ಹೆಸರು ಗೊತ್ತಿಲ್ಲ ಸಾರ್" ಎಂದಳು ಆಯಾ. "ಒಂದೇ ಹಾಸಿಗೇಲಿ ಮಲಗ್ತೀವಿ, ಒಟ್ಟಿಗೆ ಕೂತು ಮಾತಾಡಿಲ್ಲ. ನಾನು ಬರೋವಾಗ ಇವಳು ಹೋಗ್ತಾಳೆ. ಆದ್ರೆ ಇವಳ ದಿಂಬು ನಂಗೊತ್ತು. ಅದರ ತುಂಬಾ ಟೇಪಿನ ಅಂಟು. ಒಗೆದೂ ಒಗೆದೂ ನನ್ನ ಕೈ ಸವೆದುಹೋಗಿದೆ. ಚಾಕು ಹಾಕೋರ ದಿಂಬು ಹಂಗಿರುತ್ತಾ ಸಾರ್?"

ಸಾಹೇಬ ಕಾಗದ ಹರಿದು ಬುಟ್ಟಿಗೆ ಹಾಕಿದ.

"ಕರ್ಕೊಂಡು ಹೋಗು. ಚಾಕು ಇಲ್ಲೇ ಇರುತ್ತೆ. ಇನ್ನೊಂದ್ಸಲ ಸಿಕ್ಕಿದ್ರೆ ಮಾತೇ ಇಲ್ಲ, ನೇರ ಒಳಗೆ."

ದಾರಿಯಲ್ಲಿ ಆಯಾ ಕೇಳಿದಳು, "ಅಲ್ಲಾ, ನಿನ್ನ ಹೆಸರೇನೇ?"

ಹೇಳಿದಳು. ಎಷ್ಟೋ ದಿನದಿಂದ ಅದನ್ನು ಯಾರೂ ಕೇಳಿರಲಿಲ್ಲ.

ಮರುದಿನ ಅವಳು ಬರಿಗೈಯಲ್ಲೇ ಗೋದಾಮಿಗೆ ಹೋದಳು. ಹೊಸ ಚಾಕು ಕೊಂಡರೆ ಜೈಲು, ಕೊಳ್ಳದಿದ್ದರೆ ಕೆಲಸವಿಲ್ಲ. ರಾತ್ರಿಯೆಲ್ಲ ಮಗ್ಗುಲು ಬದಲಿಸಿದರೂ ಮೂರನೆಯ ದಾರಿ ಹೊಳೆದಿರಲಿಲ್ಲ.

"ಏನು ಪೆಟ್ಟಿಗೆಯಕ್ಕ, ನಿನ್ನೆ ಚಕ್ಕರಾ?" ಎಂದ ಸೂಪರ್‌ವೈಸರ್, ಏನೂ ಆಗೇ ಇಲ್ಲವೆಂಬಂತೆ. "ಎಲ್ಲಿ ಚಾಕು?"

"ನಾನು ಯಾರು ಅಂತ ಗೊತ್ತಾ ಅಣ್ಣ?"

"ಬೆಳ್ ಬೆಳಿಗ್ಗೆ ಎಂಥ ತಮಾಷೆ?"

"ನಿನ್ನೆ ಗೊತ್ತಿರಲಿಲ್ಲ. ಇವತ್ತು ಹೆಂಗೆ ಗೊತ್ತಾಯ್ತು?"

ಅವನು ಅತ್ತಿತ್ತ ನೋಡಿ ದನಿ ಇಳಿಸಿದ. "ಮೇಲಿನವರ ಮಾತಕ್ಕ. ಪೊಲೀಸು ಅಂದ್ರೆ ಗೊತ್ತಿಲ್ಲ ಅನ್ನಬೇಕು. ನಿನಗೊಬ್ಬಳಿಗೇ ಅಂತಲ್ಲ, ಯಾರಿದ್ರೂ ಹಂಗೇ ಹೇಳ್ತಿದ್ದೆ."

ಅವನು ಸಮಾಧಾನಕ್ಕೆಂದು ಹೇಳಿದ್ದ ಮಾತು ಪಕ್ಕದ ಮುದುಕಿಯ ಕಿವಿಗೆ ಬಿತ್ತು. ಅವಳು ಕೆಮ್ಮು ತಡೆದುಕೊಂಡು ತಿರುಗಿದಳು.

"ಯಾರಿದ್ರೂ ಅಂದ್ರೆ? ನಾನಾದ್ರೂನಾ?"

ಮುದುಕಿಯ ಆಚೆ ಟೇಪು ಎಳೆಯುತ್ತಿದ್ದವಳು ಕೈ ನಿಲ್ಲಿಸಿದಳು. ಅದೇ ನಿಲ್ದಾಣದ ಅದೇ ಮೇಜಿನ ಮುಂದೆ ಎಲ್ಲರೂ ಹಾದು ಬಂದವರೇ. ಇವತ್ತು ಅವರ ಚೀಲ ಯಾರೂ ನೋಡಲಿಲ್ಲ, ಅಷ್ಟೇ. ಒಬ್ಬಳು ಚಾಕು ಮಡಚಿದಳು. ಇನ್ನೊಬ್ಬಳು ಮಡಚಿದಳು. ಮೂಲೆಯಲ್ಲಿದ್ದ ಇಬ್ಬರು ತಲೆ ತಗ್ಗಿಸಿ ಕೆಲಸ ಮಾಡುತ್ತಲೇ ಇದ್ದರು. ಸ್ವಲ್ಪ ಹೊತ್ತಿನ ಮೇಲೆ ಅವರ ಕೈಯೂ ನಿಂತಿತು. ಹೊರಗೆ ಲಾರಿ ಹಾರನ್ನು ಹೊಡೆಯತೊಡಗಿತು.

"ನಿಂತ್ಕೊಂಡು ಏನ್ ನೋಡ್ತೀರಿ? ಪೆಟ್ಟಿಗೆ ಬಿಚ್ರಿ!"

"ಯಾತರಲ್ಲಿ ಬಿಚ್ಚೋಣ?" ಎಂದಳು ಮುದುಕಿ. "ಚಾಕು ನೀವೇ ಕೊಡಿ. ಸಂಜೆ ನೀವೇ ಇಟ್ಕೊಳಿ. ಕೈಗೊಂದು ಗುರುತಿನ ಚೀಟಿ ಕೊಡಿ."

"ಓಹೋ, ಒಟ್ಟಾಗಿಬಿಟ್ರಾ? ಪೊಲೀಸರನ್ನ ಕರೀತೀನಿ ನೋಡಿ ಈಗ!"

ಅವನು ಫೋನು ತೆಗೆದ. ಪೆಟ್ಟಿಗೆಯಕ್ಕ ಒಂದು ಹೆಜ್ಜೆ ಮುಂದೆ ಬಂದಳು.

"ಕರೀರಿ ಅಣ್ಣ. ಬಂದ ಮೇಲೆ ನಾವು ಯಾರು ಅಂತ ಹೇಳ್ತೀರಿ?"

ಅವನ ಬೆರಳು ಫೋನಿನ ಮೇಲೆಯೇ ನಿಂತಿತು. ಹೊರಗೆ ಲಾರಿ ಹಾರನ್ನು ಹೊಡೆಯುತ್ತಲೇ ಇತ್ತು. ಒಳಗೆ ಒಬ್ಬರೂ ಜಾಗ ಬಿಟ್ಟು ಕದಲಲಿಲ್ಲ.